ಬ್ಲಾಸ್ಟಿಂಗ್ ರಾಶಿಯ ಫೋಟೊದಿಂದ ಪುಡಿಯ ಅಂದಾಜು: ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಯಾರಿಗೆ: ಬ್ಲಾಸ್ಟಿಂಗ್ ಎಂಜಿನಿಯರುಗಳಿಗೆ, ಮೇಟ್ ಮತ್ತು ಫೋರ್‌ಮನ್‌ಗಳಿಗೆ, ರಾಶಿಯ ಫೋಟೊ ತೆಗೆಯುವ ಸರ್ವೆ ಸಿಬ್ಬಂದಿಗೆ, ಡ್ರೋನ್ ಹಾರಿಸುವವರಿಗೆ, ಕ್ರಷರ್ ನೋಡಿಕೊಳ್ಳುವವರಿಗೆ, ಕೊನೆಗೆ ವರದಿಗೆ ಸಹಿ ಹಾಕುವ ಮ್ಯಾನೇಜರಿಗೆ. ಸಂಡೂರು ಸುತ್ತಿನ ಕಬ್ಬಿಣದ ಅದಿರಿನ ತೆರೆದ ಗಣಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯಲಾಗಿದೆ. ಸುಣ್ಣಕಲ್ಲಿನ ಗಣಿಗೂ ಜಲ್ಲಿ ಕ್ವಾರಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಇಲ್ಲಿ ಪುಡಿ ಎಂದರೆ 10 ಮಿ.ಮೀ. ಜರಡಿಯಿಂದ ಕೆಳಗಿಳಿಯುವ ಮಾಲು; ಗಣಿಯಲ್ಲಿ ಎಲ್ಲರೂ ಫೈನ್ಸ್ ಎನ್ನುವುದು ಇದನ್ನೇ. ಜರಡಿಯ ಮೇಲೆ ನಿಲ್ಲುವುದು ಲಂಪ್ಸ್.

ಮೂಲ ನಿಯಮ ಒಂದೇ: ಜರಡಿ ಹಿಡಿದು ತಾಳೆ ನೋಡದ ಪುಡಿಯ ಅಂಕಿಗೆ ಸಹಿ ಹಾಕಕೂಡದು. ಉಳಿದ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಇಷ್ಟು ಕಟ್ಟುನಿಟ್ಟು ಏಕೆ

ಕಬ್ಬಿಣದ ಅದಿರಿನಲ್ಲಿ ಲಂಪ್ಸ್‌ಗೂ ಫೈನ್ಸ್‌ಗೂ ಬೆಲೆ ಬೇರೆ, ದಾರಿಯೂ ಬೇರೆ. ಲಂಪ್ಸ್ ನೇರವಾಗಿ ಕುಲುಮೆಗೆ ಹೋಗಬಲ್ಲದು. ಪುಡಿಯನ್ನು ಮೊದಲು ಸಿಂಟರ್ ಇಲ್ಲವೇ ಪೆಲೆಟ್ ಸ್ಥಾವರಕ್ಕೆ ಒಯ್ದು, ಇಂಧನ ಸುಟ್ಟು, ಮತ್ತೆ ಗಟ್ಟಿ ಮಾಡಬೇಕು. ಬೆಟ್ಟದಲ್ಲಿ ಗಟ್ಟಿಯಾಗಿದ್ದ ಅದಿರನ್ನು ಅತಿಯಾದ ಸಿಡಿಮದ್ದಿನಿಂದ ನಾವೇ ಪುಡಿ ಮಾಡಿದರೆ ಆ ನಷ್ಟವನ್ನು ಯಾವ ಯಂತ್ರವೂ ಪುಕ್ಕಟೆ ಸರಿಪಡಿಸಿಕೊಡುವುದಿಲ್ಲ. ಹಾಗಾಗಿ ಒಂದು ಬ್ಲಾಸ್ಟಿನಲ್ಲಿ ಎಷ್ಟು ಪುಡಿ ಬಂತು ಎಂಬ ಅಂಕಿಯನ್ನು ನೋಡಿಯೇ ಮುಂದಿನ ಬ್ಲಾಸ್ಟಿನ ಕುಳಿಗಳ ಅಂತರ, ಮದ್ದಿನ ಪ್ರಮಾಣ, ಸಿಡಿಯುವ ಸರದಿ ಎಲ್ಲವೂ ನಿರ್ಧಾರವಾಗುತ್ತವೆ. ಅಂಕಿ ತಪ್ಪಾದರೆ ಮುಂದಿನ ಬೆಂಚು ಪೂರ್ತಿ ತಪ್ಪು ಲೆಕ್ಕದ ಮೇಲೆ ಸಿಡಿಯುತ್ತದೆ.

ಸರ್ಕಾರದ ಲೆಕ್ಕವೂ ಇದಕ್ಕೆ ಹೊಂದಿಕೊಂಡಿದೆ. 2014ರಿಂದ ಕಬ್ಬಿಣದ ಅದಿರಿನ ರಾಯಧನ ಸರಾಸರಿ ಮಾರಾಟ ಬೆಲೆಯ ಶೇ. 15. ಆ ಸರಾಸರಿ ಬೆಲೆಯನ್ನು ಭಾರತೀಯ ಗಣಿ ಬ್ಯೂರೊ ಲಂಪ್ಸ್‌ಗೆ ಬೇರೆ, ಫೈನ್ಸ್‌ಗೆ ಬೇರೆ, ಕಬ್ಬಿಣಾಂಶದ ದರ್ಜೆವಾರು ಪ್ರಕಟಿಸುತ್ತದೆ. ಗಣಿಗಾರಿಕೆ ತಡೆದ 2011ರ ಸುಪ್ರೀಂ ಕೋರ್ಟ್ ಆದೇಶಗಳನ್ನು ಕಂಡ ಬಳ್ಳಾರಿ ಸೀಮೆಯಲ್ಲಿ ಅದಿರಿನ ಪ್ರತಿ ಟನ್ನಿನ ಲೆಕ್ಕಕ್ಕೂ ಹೊಣೆ ಇದೆ. ಅಂದಾಜಿನ ಅಂಕಿಯನ್ನು ಅಳತೆಯ ಅಂಕಿಯಂತೆ ಬರೆದಿಡುವುದನ್ನು ಇಲ್ಲಿ ಸಣ್ಣ ತಪ್ಪೆಂದು ಎಣಿಸುವಂತಿಲ್ಲ.

ಕ್ಯಾಮೆರಾಕ್ಕೆ ಪುಡಿ ಏಕೆ ಕಾಣದು

ವಿಪ್‌ಫ್ರಾಗ್, ಸ್ಪ್ಲಿಟ್ ಮುಂತಾದ ತಂತ್ರಾಂಶಗಳು ಫೋಟೊದಲ್ಲಿ ಬೆಳಕು ನೆರಳಿನ ಅಂಚುಗಳನ್ನು ಹುಡುಕಿ ಪ್ರತಿ ಕಲ್ಲಿನ ಸುತ್ತ ಗೆರೆ ಎಳೆಯುತ್ತವೆ. ಗೆರೆಯೊಳಗಿನ ವಿಸ್ತೀರ್ಣದಿಂದ ಕಲ್ಲಿನ ಗಾತ್ರವನ್ನು ಲೆಕ್ಕ ಹಾಕುತ್ತವೆ. ದಪ್ಪ ಕಲ್ಲುಗಳ ಮಟ್ಟಿಗೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಪುಡಿಯ ವಿಷಯದಲ್ಲಿ ನಾಲ್ಕು ಅಡ್ಡಿಗಳಿವೆ.

ಒಂದು, ಪುಡಿ ಮೇಲೆ ನಿಲ್ಲುವುದಿಲ್ಲ. ಮಂಡಕ್ಕಿ ಡಬ್ಬಿಯಲ್ಲಿ ಖಾರದ ಪುಡಿ ತಳ ಸೇರುವ ಹಾಗೆ, ರಾಶಿ ಕುಸಿದು ಕೂರುವಾಗ ಸಣ್ಣದು ಸಂದಿಗಳಲ್ಲಿ ಇಳಿದುಹೋಗುತ್ತದೆ. ಫೋಟೊಗೆ ಸಿಗುವುದು ರಾಶಿಯ ಚರ್ಮ ಮಾತ್ರ.

ಎರಡು, ಗಾತ್ರ ಸಣ್ಣದಾದಂತೆ ಕಲ್ಲು ಪಿಕ್ಸೆಲ್ಲುಗಳಲ್ಲಿ ಕರಗಿಹೋಗುತ್ತದೆ. ಅಂಚೇ ಸಿಗದ ಮೇಲೆ ಗೆರೆ ಎಳೆಯಲು ಬರುವುದಿಲ್ಲ.

ಮೂರು, ತಂತ್ರಾಂಶ ಎರಡು ಬಗೆಯಲ್ಲಿ ಮೋಸ ಹೋಗುತ್ತದೆ. ಪುಡಿ ಒತ್ತಾಗಿ ಹರಡಿದ ಜಾಗವನ್ನು ಒಂದೇ ದೊಡ್ಡ ಬಂಡೆ ಎಂದು ಎಣಿಸುತ್ತದೆ. ಹೆಮಟೈಟ್, ಸ್ಫಟಿಕಶಿಲೆಗಳ ಪಟ್ಟೆಪಟ್ಟೆಯಾದ ಬಿಎಚ್‌ಕ್ಯೂ ಬಂಡೆಯನ್ನು ಹತ್ತಾರು ಚೂರುಗಳೆಂದು ಒಡೆದು ತೋರಿಸುತ್ತದೆ.

ನಾಲ್ಕು, ಕಲ್ಲುಗಳ ನಡುವಿನ ಕಪ್ಪು ಸಂದಿಗಳಲ್ಲಿ ಎಷ್ಟು ಪಾಲನ್ನು ಪುಡಿ ಎಂದು ಹಿಡಿಯಬೇಕು ಎಂಬುದನ್ನು ಕಂಪ್ಯೂಟರ್ ಮುಂದೆ ಕೂತವರೇ ಆರಿಸುತ್ತಾರೆ. ಸ್ಪ್ಲಿಟ್‌ನಲ್ಲಿ ಇದಕ್ಕೆ ಫೈನ್ಸ್ ಫ್ಯಾಕ್ಟರ್ ಎನ್ನುತ್ತಾರೆ. ಹಾಗೆ ಬಂದ ಶೇಕಡಾವಾರಿನಲ್ಲಿ ಒಂದು ಪಾಲು ಫೋಟೊದ್ದು, ಒಂದು ಪಾಲು ಆರಿಸಿದವರದ್ದು.

ಇಷ್ಟನ್ನು ಅರಿತ ಮೇಲೆ ಕೆಳಗಿನ ನಿಯಮಗಳು ಅತಿ ಎನಿಸಲಾರವು.

ಮಾಡಬೇಕಾದ್ದು

ರಾಶಿಯ ಬಳಿ ಹೋಗುವ ಮುನ್ನ

1. ಬ್ಲಾಸ್ಟರ್ ರಾಶಿಯನ್ನೂ ಬೆಂಚಿನ ಗೋಡೆಯನ್ನೂ ಪರೀಕ್ಷಿಸಿ, ಸಿಡಿಯದೆ ಉಳಿದ ಮದ್ದು ಇಲ್ಲವೆಂದು ಖಚಿತಪಡಿಸಿ, ಕ್ಷೇಮದ ಸೈರನ್ ಕೊಡುವ ತನಕ ಕಾಯಿರಿ. ಫೋಟೊ ಹತ್ತು ನಿಮಿಷ ತಡವಾದರೆ ಗಣಿಗೆ ಏನೂ ಆಗುವುದಿಲ್ಲ.

2. ಪುಡಿಯ ಅಂದಾಜು ಯಾವ ಹಂತದ್ದು ಎಂದು ಮೊದಲೇ ತೀರ್ಮಾನಿಸಿ: ಬ್ಲಾಸ್ಟ್ ಆದ ರಾಶಿಯದೋ, ಡಂಪರಿನಲ್ಲಿ ತುಂಬಿದ್ದೋ, ಹಾಪರಿಗೆ ಸುರಿದದ್ದೋ, ಬೆಲ್ಟಿನ ಮೇಲಿನದೋ. ಶಾವೆಲ್ ಬಕೆಟಿನ ಹೊಡೆತ, ಡೋಜರಿನ ಚೈನು, ಹಾಪರಿಗೆ ಬೀಳುವ ಎತ್ತರ, ಪ್ರತಿಯೊಂದೂ ಹೊಸ ಪುಡಿ ಹುಟ್ಟಿಸುತ್ತದೆ. ಹಂತ ನಮೂದಿಸದ ಅಂಕಿಗೆ ಅರ್ಥವಿಲ್ಲ.

3. ಭೂವಿಜ್ಞಾನಿಯಿಂದ ಆ ಬೆಂಚಿನ ಅದಿರಿನ ವಿವರ ಪಡೆಯಿರಿ. ಸಂಡೂರು ಬೆಟ್ಟಗಳಲ್ಲಿ ಬ್ಲೂ ಡಸ್ಟ್ ಇದೆ; ಕೈಯಲ್ಲಿ ಹಿಡಿದರೆ ಉದುರುವ, ಹುಟ್ಟಿನಿಂದಲೇ ಪುಡಿಯಾದ ಹೆಮಟೈಟ್ ಅದು. ಅದರ ಪುಡಿಗೆ ಸಿಡಿಮದ್ದನ್ನು ದೂರಿ ಪ್ರಯೋಜನವಿಲ್ಲ. ಮದ್ದು ಕಡಿಮೆ ಮಾಡಿದ ಮಾತ್ರಕ್ಕೆ ಬ್ಲೂ ಡಸ್ಟ್ ಲಂಪ್ಸ್ ಆಗುವುದಿಲ್ಲ. ಪಕ್ಕದ ಗಟ್ಟಿ ಅದಿರು ಸರಿಯಾಗಿ ಒಡೆಯದೆ ಬಂಡೆಗಳಾಗಿ ಉಳಿಯುತ್ತದೆ, ಅಷ್ಟೇ.

ಫೋಟೊ ತೆಗೆಯುವಾಗ

4. ಪ್ರತಿ ಫೋಟೊದಲ್ಲೂ ಅಳತೆಯ ಗುರುತು ಇರಲೇಬೇಕು. ವ್ಯಾಸ ಗೊತ್ತಿರುವ ಎರಡು ಚೆಂಡುಗಳನ್ನು, ರಾಶಿಯ ಮೇಲೆ ಹತ್ತದೆ, ಒಂದನ್ನು ಫೋಟೊದಲ್ಲಿ ಬರುವ ಇಳಿಜಾರಿನ ಮೇಲ್ಭಾಗದಲ್ಲಿ, ಇನ್ನೊಂದನ್ನು ಕೆಳಭಾಗದಲ್ಲಿ ಇಡಿ. ರಾಶಿ ಕ್ಯಾಮೆರಾದಿಂದ ಹಿಂದಕ್ಕೆ ವಾಲಿರುತ್ತದೆ. ಕೆಳಗಿನ ಚೆಂಡು ಒಂದೇ ಇದ್ದರೆ ದೂರದ ಕಲ್ಲುಗಳೆಲ್ಲ ಇದ್ದುದಕ್ಕಿಂತ ಚಿಕ್ಕವೆಂದು ಲೆಕ್ಕಕ್ಕೆ ಸೇರುತ್ತವೆ.

5. ಶಟರ್ ಒತ್ತುವ ಮುನ್ನ ಪಿಕ್ಸೆಲ್ ಲೆಕ್ಕ ಮಾಡಿ. ಅಗಲಕ್ಕೆ 4,000 ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ 4 ಮೀಟರ್ ಅಗಲದ ರಾಶಿ ಹಿಡಿಸಿದರೆ ಒಂದು ಪಿಕ್ಸೆಲ್ 1 ಮಿ.ಮೀ. ಆಗುತ್ತದೆ, 10 ಮಿ.ಮೀ. ಕಲ್ಲಿಗೆ ಹತ್ತು ಪಿಕ್ಸೆಲ್ ಸಿಗುತ್ತದೆ. ಅದೇ ಕ್ಯಾಮೆರಾದಲ್ಲಿ 12 ಮೀಟರ್ ಹಿಡಿಸಿದರೆ ಆ ಕಲ್ಲಿಗೆ ಸಿಗುವುದು ಮೂರೇ ಪಿಕ್ಸೆಲ್. ಡ್ರೋನಿನಿಂದ 40 ಮೀಟರ್ ಅಗಲ ಹಿಡಿದರೆ ಇಡೀ ಕಲ್ಲು ಒಂದು ಚುಕ್ಕೆ. ಒಂದು ಕಲ್ಲಿನ ಸುತ್ತ ನಂಬಿಕೆಯಿಂದ ಗೆರೆ ಎಳೆಯಲು ಅಡ್ಡಕ್ಕೆ ಕನಿಷ್ಠ ಹತ್ತು ಪಿಕ್ಸೆಲ್ ಬೇಕು ಎಂಬುದನ್ನು ಕೆಲಸದ ನಿಯಮವಾಗಿ ಇಟ್ಟುಕೊಳ್ಳಿ.

6. ಒಂದೇ ಜಾಗವನ್ನು ಮೂರು ದೂರದಿಂದ ತೆಗೆಯಿರಿ: ಇಡೀ ರಾಶಿ, ನಡುಮಟ್ಟ, ತೀರಾ ಹತ್ತಿರ. ದೂರದ್ದು ಬಂಡೆಗಳನ್ನು ಹಿಡಿಯುತ್ತದೆ, ಹತ್ತಿರದ್ದು ಸಣ್ಣದನ್ನು. ಮೂರನ್ನೂ ಸೇರಿಸಿ ಒಂದೇ ವಕ್ರರೇಖೆ ಮಾಡುವ ಸೌಲಭ್ಯ ತಂತ್ರಾಂಶದಲ್ಲಿದ್ದರೆ ಅದನ್ನು ಬಳಸಲೇಬೇಕು.

7. ಶಾವೆಲ್ ರಾಶಿಯನ್ನು ತಿನ್ನುತ್ತ ಮುಂದೆ ಸಾಗಿದಂತೆ, ಮೊದಲೇ ಗೊತ್ತು ಮಾಡಿದ ಅಂತರದಲ್ಲಿ, ಕೆಲಸ ನಿಲ್ಲಿಸಿ ಫೋಟೊ ತೆಗೆಯಿರಿ. ಒಳಗಿನ ಮಾಲು ಬಯಲಾಗುವುದು ಆಗಲೇ. ಬ್ಲಾಸ್ಟ್ ಆದ ಕೂಡಲೇ ತೆಗೆದ ಮೇಲ್ಮೈ ಫೋಟೊವೊಂದನ್ನೇ ನೆಚ್ಚಿದರೆ ಮೇಲೆ ಉಳಿದ ದಪ್ಪ ಕಲ್ಲುಗಳ ಲೆಕ್ಕ ಮಾತ್ರ ಸಿಗುತ್ತದೆ.

8. ಎಲ್ಲೆಡೆ ಸಮನಾಗಿ ಹರಡಿದ ಬೆಳಕಿನಲ್ಲಿ ತೆಗೆಯಿರಿ. ಮೋಡ ಕವಿದ ಹಗಲು ಒಳ್ಳೆಯದು. ಬೆಳಗಿನ, ಸಂಜೆಯ ಓರೆ ಬಿಸಿಲಿನಲ್ಲಿ ಪ್ರತಿ ಕಲ್ಲೂ ಉದ್ದನೆಯ ನೆರಳು ಚೆಲ್ಲುತ್ತದೆ. ಆ ಕಪ್ಪನ್ನು ತಂತ್ರಾಂಶ ಸಂದಿ ಎಂದುಕೊಂಡು ಪುಡಿಯ ಖಾತೆಗೆ ಹಾಕುತ್ತದೆ.

9. ಕುಳಿಯ ಬಾಯಿಯ ಸುತ್ತ ಬಿದ್ದ ಡ್ರಿಲ್ ಪುಡಿಯನ್ನೂ ಕುಳಿ ಮುಚ್ಚಲು ಹಾಕಿದ ಪುಡಿಯನ್ನೂ ಗುರುತಿಸಿ ಬೇರೆ ಮಾಡಿ. ಲೆಕ್ಕ ನೋಡಿ: 150 ಮಿ.ಮೀ. ವ್ಯಾಸದ 10 ಮೀಟರ್ ಆಳದ ಕುಳಿಯಿಂದ ಬರುವ ಪುಡಿ ಸುಮಾರು 0.18 ಘನ ಮೀಟರ್. 9 ಮೀಟರ್ ಬೆಂಚಿನಲ್ಲಿ 4 ಮೀಟರ್‌ಗೆ 5 ಮೀಟರ್ ಅಂತರದ ಆ ಕುಳಿ ಒಡೆಯುವ ಕಲ್ಲು 180 ಘನ ಮೀಟರ್. ಅಂದರೆ ಡ್ರಿಲ್ ಪುಡಿ ಸಾವಿರದಲ್ಲಿ ಒಂದು ಪಾಲು ಮಾತ್ರ. ಆದರೆ ಅದು ರಾಶಿಯ ಮೇಲ್ಮೈಯಲ್ಲೇ ಬಿದ್ದಿರುವುದರಿಂದ ಫೋಟೊದಲ್ಲಿ ಅದರದೇ ಅಬ್ಬರ.

10. ಪ್ರತಿ ಫೋಟೊಗೂ ಬ್ಲಾಸ್ಟ್ ಸಂಖ್ಯೆ, ಬೆಂಚು, ಜಾಗ, ದಿನಾಂಕ, ಹೊತ್ತು, ಹವಾಮಾನ, ನೀರು ಸಿಂಪಡಿಸಿದೆಯೇ ಇಲ್ಲವೇ, ಚೆಂಡಿನ ವ್ಯಾಸ, ಇಷ್ಟನ್ನೂ ಸ್ಥಳದಲ್ಲೇ ಬರೆದುಕೊಳ್ಳಿ.

ಕಂಪ್ಯೂಟರಿನ ಮುಂದೆ

11. ತಂತ್ರಾಂಶ ಎಳೆದ ಗೆರೆಗಳನ್ನು ಕಣ್ಣಾರೆ ನೋಡಿ ತಿದ್ದಿ. ಪುಡಿಯ ಹಾಸು ಒಂದೇ ಬಂಡೆಯಾಗಿ ಕಂಡಿದ್ದರೆ ಅದನ್ನು ಪುಡಿ ಎಂದು ಗುರುತಿಸಿ. ಒಂದೇ ಬಂಡೆ ಚೂರುಚೂರಾಗಿ ಕಂಡಿದ್ದರೆ ಒಂದುಗೂಡಿಸಿ. ದೊಡ್ಡ ತಪ್ಪುಗಳನ್ನು ಮೊದಲು ಹಿಡಿಯಿರಿ: 1 ಮೀಟರ್ ಘನದ ಒಂದು ಬಂಡೆಯ ಗಾತ್ರಕ್ಕೆ 10 ಮಿ.ಮೀ. ಘನದ ಹತ್ತು ಲಕ್ಷ ಚೂರುಗಳು ಬೇಕು. ಒಂದು ಬಂಡೆ ತಪ್ಪಾದರೆ ಇಡೀ ಶೇಕಡಾವಾರು ವಾಲುತ್ತದೆ.

12. ಸಂದಿಗಳ ಪಾಲನ್ನು ಎಷ್ಟಕ್ಕೆ ಇಟ್ಟಿರಿ, ಏಕೆ ಇಟ್ಟಿರಿ ಎಂಬುದನ್ನು ವರದಿಯಲ್ಲಿ ಬರೆಯಿರಿ. ಒಂದು ಗಣಿಯ ಒಂದು ಬಗೆಯ ಅದಿರಿಗೆ ಒಮ್ಮೆ ಜರಡಿಯಿಂದ ಗೊತ್ತುಪಡಿಸಿದ ಮೇಲೆ ಅದನ್ನು ಮನಬಂದಂತೆ ಬದಲಿಸಬೇಡಿ.

13. ಕ್ಯಾಮೆರಾಕ್ಕೆ ಕಂಡ ಕೊನೆಯ ಗಾತ್ರ ಎಷ್ಟು, ಅದಕ್ಕಿಂತ ಸಣ್ಣದನ್ನು ಯಾವ ಸೂತ್ರದಿಂದ ಎಳೆದಿರಿ ಎಂಬುದನ್ನು ಬೇರೆ ಬೇರೆಯಾಗಿ ತೋರಿಸಿ. ವಕ್ರರೇಖೆಯಲ್ಲಿ ಕಂಡ ಭಾಗಕ್ಕೆ ಗಟ್ಟಿ ಗೆರೆ, ಸೂತ್ರದ ಭಾಗಕ್ಕೆ ಚುಕ್ಕೆ ಗೆರೆ.

ಇದರ ಮಹತ್ವ ಒಂದು ಲೆಕ್ಕದಿಂದ ತಿಳಿಯುತ್ತದೆ. ಹೆಚ್ಚು ಬಳಕೆಯಲ್ಲಿರುವ ರೋಸಿನ್–ರಾಮ್ಲರ್ ಸೂತ್ರ 1933ರದ್ದು, ಪುಡಿ ಮಾಡಿದ ಕಲ್ಲಿದ್ದಲಿಗಾಗಿ ಹುಟ್ಟಿದ್ದು. ಅದರಲ್ಲಿ ಎರಡೇ ಅಂಕಿ: ಶೇ. 63.2 ಮಾಲು ಇಳಿಯುವ ಗಾತ್ರ, ಮತ್ತು ಗಾತ್ರಗಳು ಎಷ್ಟು ಏಕರೂಪವಾಗಿವೆ ಎಂದು ಹೇಳುವ ಸೂಚ್ಯಂಕ. ಮೊದಲ ಅಂಕಿ 300 ಮಿ.ಮೀ. ಎಂದೇ ಇಟ್ಟುಕೊಳ್ಳಿ. ಸೂಚ್ಯಂಕ 1.25 ಆದರೆ 10 ಮಿ.ಮೀ. ಕೆಳಗಿನ ಪುಡಿ ಶೇ. 1.4. ಸೂಚ್ಯಂಕ 1 ಆದರೆ ಶೇ. 3.3. ಸೂಚ್ಯಂಕ 0.75 ಆದರೆ ಶೇ. 7.5. ಸೂಚ್ಯಂಕ 0.5ರಷ್ಟು ಸರಿದರೆ ಪುಡಿ ಐದು ಪಟ್ಟು ಬದಲಾಯಿತು. ದಪ್ಪ ಕಲ್ಲುಗಳನ್ನು ನೋಡಿ ಕಟ್ಟಿದ ಸೂಚ್ಯಂಕದಿಂದ ಕಾಣದ ಪುಡಿಯನ್ನು ಹೇಳುವುದರ ಅಪಾಯ ಇದೇ.

14. ಸೂತ್ರ ಆರಿಸುವಾಗ ಅದರ ಮಿತಿ ತಿಳಿದಿರಲಿ. ಕುಜ್ನೆಟ್ಸೊವ್ 1973ರಲ್ಲಿ ಕೊಟ್ಟ ಸಮೀಕರಣಕ್ಕೆ ರೋಸಿನ್–ರಾಮ್ಲರ್ ಸೂತ್ರವನ್ನು ಜೋಡಿಸಿ ಕನ್ನಿಂಗ್‌ಹ್ಯಾಮ್ 1983ರಲ್ಲಿ ರೂಪಿಸಿದ ಕುಜ್–ರಾಮ್ ಮಾದರಿ ಪುಡಿಯನ್ನು ಕಡಿಮೆ ತೋರಿಸುತ್ತದೆ ಎಂಬುದು ಬ್ಲಾಸ್ಟಿಂಗ್ ವಲಯದಲ್ಲಿ ಒಪ್ಪಿತವಾದ ಮಾತು. ಕುಳಿಯ ಗೋಡೆಗೆ ಅಂಟಿದ ಕಲ್ಲು ಸ್ಫೋಟದ ಒತ್ತಡಕ್ಕೆ ಅರೆದುಹೋಗುತ್ತದೆ, ದೂರದ ಕಲ್ಲು ಬಿರಿಯುತ್ತದೆ. ಎರಡೂ ಒಂದೇ ಗೆರೆಗೆ ಕೂರುವುದಿಲ್ಲ. ಅದಕ್ಕಾಗಿಯೇ ಆಸ್ಟ್ರೇಲಿಯಾದ ಸಂಶೋಧಕರು ಅರೆದ ವಲಯಕ್ಕೆ ಪ್ರತ್ಯೇಕ ಲೆಕ್ಕ ಇಟ್ಟರು. ಸ್ವೀಡನ್ನಿನ ಫಿನ್ ಔಕ್ಟರ್ಲೋನಿ 2005ರಲ್ಲಿ ಪ್ರಕಟಿಸಿದ ಸ್ವೆಬ್ರೆಕ್ ಸೂತ್ರ ಸಣ್ಣ ಗಾತ್ರದ ಕಡೆಗೆ ಹೆಚ್ಚು ಚೆನ್ನಾಗಿ ಹೊಂದುತ್ತದೆ. ಸೌಲಭ್ಯವಿದ್ದರೆ ಎರಡೂ ಸೂತ್ರಗಳಿಂದ ಲೆಕ್ಕ ಹಾಕಿ, ಎರಡು ಉತ್ತರಗಳ ನಡುವಿನ ಅಂತರವನ್ನು ವರದಿಯಲ್ಲಿ ತೋರಿಸಿ.

ಜರಡಿಯ ಬಳಿ

15. ಪ್ರತಿ ಬಗೆಯ ಅದಿರಿಗೂ, ಪ್ರತಿ ಹೊಸ ಬ್ಲಾಸ್ಟ್ ವಿನ್ಯಾಸಕ್ಕೂ ಜರಡಿ ಹಿಡಿಯಿರಿ. ಯಾವ ಬಕೆಟ್ಟು, ಯಾವ ಡಂಪರು ಎಂಬುದನ್ನು ಮಾಲು ನೋಡುವ ಮುನ್ನವೇ ಆರಿಸಿರಬೇಕು.

16. ಸ್ಯಾಂಪಲ್ ಸಾಕಷ್ಟು ದೊಡ್ಡದಿರಲಿ. 300 ಮಿ.ಮೀ. ಘನದ ಒಂದೇ ಒಂದು ಅದಿರಿನ ತುಂಡು, ಘನ ಮೀಟರಿಗೆ 4.5 ಟನ್ ಲೆಕ್ಕದಲ್ಲಿ, ಸುಮಾರು 120 ಕೆ.ಜಿ. ತೂಗುತ್ತದೆ. ಅತಿ ದೊಡ್ಡ ತುಂಡು ಸ್ಯಾಂಪಲ್ಲಿನ ನೂರರಲ್ಲಿ ಒಂದು ಪಾಲು ಮೀರಬಾರದು ಎಂದರೆ 12 ಟನ್ ಬೇಕು, ಅಂದರೆ ಒಂದು ಟಿಪ್ಪರ್ ಮಾಲು. ಜಲ್ಲಿ ಕ್ವಾರಿಯ ಗ್ರಾನೈಟಿನಲ್ಲಿ ಅಂಥದೇ ತುಂಡು 73 ಕೆ.ಜಿ., ಸ್ಯಾಂಪಲ್ 7 ಟನ್ನಿಗೂ ಹೆಚ್ಚು. ಗೋಣಿಚೀಲದಲ್ಲಿ ತಂದ 50 ಕೆ.ಜಿ. ಮಾಲಿನಿಂದ ರಾಶಿಯ ಪುಡಿ ಹೇಳಲಾಗದು.

17. ದಪ್ಪದ್ದನ್ನು ಬೇರೆ ಮಾಡಿ ತೂಗಿ. 100 ಮಿ.ಮೀ. ಕೆಳಗಿನ ಮಾಲನ್ನು ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಳ್ಳುತ್ತ ಕಡಿಮೆ ಮಾಡಿ. ಒಣಗಿಸಿ ತೂಗಿದ ಮೇಲೆಯೇ ಸಣ್ಣ ಜರಡಿ ಹಿಡಿಯಿರಿ. ಮಳೆಗಾಲದ ಜೇಡಿ ಅಂಟಿದ ಅದಿರಿನಲ್ಲಿ ಪುಡಿ ತುಂಡುಗಳಿಗೆ ಮೆತ್ತಿಕೊಂಡಿರುತ್ತದೆ, ಜರಡಿಯ ಕಣ್ಣುಗಳೂ ಕಟ್ಟಿಕೊಳ್ಳುತ್ತವೆ. ಅಂಥದ್ದನ್ನು ನೀರಿನಲ್ಲಿ ತೊಳೆದು ಜರಡಿ ಹಿಡಿಯಬೇಕು, ಬಳಿಕ ಒಣಗಿಸಿ ತೂಗಬೇಕು.

18. ತಿದ್ದುಪಡಿಯನ್ನು ಇಡೀ ವಕ್ರರೇಖೆಗೆ ಮಾಡಿ. ಉದಾಹರಣೆ: 12,000 ಕೆ.ಜಿ. ಮಾಲಿನಲ್ಲಿ ಜರಡಿಯಿಂದ 2,040 ಕೆ.ಜಿ. ಪುಡಿ ಸಿಕ್ಕಿತು, ಅಂದರೆ ಶೇ. 17. ಅದೇ ಮಾಲಿನ ಫೋಟೊ ಶೇ. 6 ಎಂದಿತ್ತು. ಪುಡಿಯನ್ನು 17 ಮಾಡಿ ಉಳಿದದ್ದನ್ನು 94 ಎಂದೇ ಬಿಟ್ಟರೆ ಒಟ್ಟು 111 ಆಗುತ್ತದೆ. ಉಳಿದ 94 ಭಾಗ 83ಕ್ಕೆ ಇಳಿಯಬೇಕು, 10 ಮಿ.ಮೀ. ಮೇಲಿನ ಪ್ರತಿ ಗಾತ್ರದ ಪಾಲನ್ನೂ 0.883ರಿಂದ ಗುಣಿಸಿ. ಫೋಟೊದಲ್ಲಿ ಶೇ. 20 ಇದ್ದ ಬಂಡೆಗಳು ಆಗ ಶೇ. 17.7 ಆಗುತ್ತವೆ.

19. ಬೆಲ್ಟಿನ ಕ್ಯಾಮೆರಾ ತಾಳೆ ನೋಡುವಾಗ ಬೆಲ್ಟನ್ನು ನಿಲ್ಲಿಸಿ, ವಿದ್ಯುತ್ ಕಡಿದು ಬೀಗ ಹಾಕಿ, ಗೊತ್ತಾದ ಉದ್ದದ ಮಾಲನ್ನು ಅಂಚಿನಿಂದ ಅಂಚಿಗೆ, ತಳದ ಪುಡಿಯನ್ನೂ ಗುಡಿಸಿ ತೆಗೆಯಿರಿ. ಬೆಲ್ಟಿನ ಅದುರಾಟಕ್ಕೆ ಪುಡಿ ತಳ ಸೇರಿರುತ್ತದೆ. ಮೇಲಿನಿಂದ ಸಲಿಕೆಯಲ್ಲಿ ಎತ್ತಿದ್ದು ಸ್ಯಾಂಪಲ್ ಆಗಲಾರದು.

20. ಫೋಟೊ ಕೊಡುವುದು ಘನಗಾತ್ರದ ಲೆಕ್ಕ, ವೇಬ್ರಿಜ್ ಕೊಡುವುದು ತೂಕದ ಲೆಕ್ಕ. ಗಟ್ಟಿ ಹೆಮಟೈಟಿನ ಸಾಂದ್ರತೆ ಸ್ಫಟಿಕಶಿಲೆಯ ಹತ್ತಿರ ಹತ್ತಿರ ಎರಡು ಪಟ್ಟು. ರಾಶಿಯಲ್ಲಿ ಅದಿರೂ ಬಿಎಚ್‌ಕ್ಯೂವೂ ಬೆರೆತಿದ್ದರೆ ಎರಡರ ಸಾಂದ್ರತೆಯನ್ನೂ ಹಿಡಿದು ಶೇಕಡಾವಾರನ್ನು ತೂಕಕ್ಕೆ ಬದಲಿಸಿ.

ಮಾಡಬಾರದ್ದು

1. ಸೈರನ್ ಆಗುವ ಮುನ್ನ, ಹೊಗೆ ತಿಳಿಯಾಗುವ ಮುನ್ನ ರಾಶಿಯ ಬಳಿ ಸುಳಿಯಬೇಡಿ. ಚೆಂಡು ಇಡಲು ರಾಶಿಯ ಮೇಲೆ ಹತ್ತಬೇಡಿ. ಸಡಿಲ ಬಂಡೆ ನೇತಾಡುವ ಗೋಡೆಯ ಬುಡದಲ್ಲಿ, ಶಾವೆಲ್ ತಿರುಗುವ ವ್ಯಾಪ್ತಿಯಲ್ಲಿ ಕ್ಯಾಮೆರಾ ಹಿಡಿದು ನಿಲ್ಲಕೂಡದು. ಯಾವ ಫೋಟೊವೂ ಒಂದು ಜೀವಕ್ಕಿಂತ ಹೆಚ್ಚಲ್ಲ.

2. 2021ರ ಡ್ರೋನ್ ನಿಯಮಗಳನ್ನು ಪಾಲಿಸದೆ, ಬ್ಲಾಸ್ಟಿಂಗ್ ಅಧಿಕಾರಿಗೆ ತಿಳಿಸದೆ ಡ್ರೋನ್ ಹಾರಿಸಬೇಡಿ. ಮದ್ದು ತುಂಬುತ್ತಿರುವ ಬೆಂಚಿನ ಮೇಲೆ ಹಾರಿಸಲೇಬೇಡಿ.

3. ನೋಡಲು ಚೆನ್ನಾಗಿರುವ ಜಾಗವನ್ನು ಆರಿಸಿ ಫೋಟೊ ತೆಗೆಯಬೇಡಿ. ಬಂಡೆಗಳ ಜಾಗ ಆರಿಸಿದರೆ ಬ್ಲಾಸ್ಟ್ ಕೆಟ್ಟದ್ದೆನಿಸುತ್ತದೆ, ಒಂದೇ ಸಮ ಒಡೆದ ಜಾಗ ಆರಿಸಿದರೆ ಒಳ್ಳೆಯದೆನಿಸುತ್ತದೆ. ಎರಡೂ ಸುಳ್ಳು.

4. ನೀರು ಸಿಂಪಡಿಸಿದ ಕೂಡಲೇ, ಮಳೆ ನಿಂತ ಕೂಡಲೇ ತೆಗೆದ ಫೋಟೊವನ್ನು ಒಣ ರಾಶಿಯ ಫೋಟೊದ ಜೊತೆ ಹೋಲಿಸಬೇಡಿ. ಹತ್ತಿರ ಹೋಗಿ ನೋಡಿ: ಒಣಗಿದ್ದಾಗ ತುಂಡಿನ ಮೈಮೇಲೆ ಹರಡಿದ್ದ ಕೆಂಪು ಪುಡಿ ನೀರು ಬಿದ್ದೊಡನೆ ಕೆಲವು ಕಡೆ ತೊಳೆದುಹೋಗಿ ಅಂಚು ಹೊಳೆಯುತ್ತದೆ, ಕೆಲವು ಕಡೆ ಕೆಸರಾಗಿ ಸಂದಿ ಮುಚ್ಚುತ್ತದೆ. ರಾಶಿ ಅದೇ, ಅಂಕಿ ಬೇರೆ. ಹಾಗೆಂದು ಫೋಟೊಗಾಗಿ ಧೂಳು ಅಡಗಿಸುವ ನೀರನ್ನು ನಿಲ್ಲಿಸಲೂ ಬೇಡಿ. ಸಿಂಪಡಣೆಗೂ ಫೋಟೊಗೂ ಒಂದು ನಿಗದಿತ ಅಂತರ ಇಟ್ಟುಕೊಂಡು ಅದನ್ನೇ ಸದಾ ಪಾಲಿಸಿ.

5. ವಾಟ್ಸಾಪಿನಲ್ಲಿ ಬಂದ ಫೋಟೊವನ್ನು ತಂತ್ರಾಂಶಕ್ಕೆ ಹಾಕಬೇಡಿ. ಕಳುಹಿಸುವಾಗ ಚಿತ್ರ ಕುಗ್ಗಿರುತ್ತದೆ, ಸಣ್ಣ ಕಲ್ಲುಗಳ ಅಂಚು ಮೊದಲು ಅಳಿಸಿಹೋಗುವುದು ಆಗಲೇ. ಕ್ಯಾಮೆರಾದ ಮೂಲ ಫೈಲನ್ನೇ ಬಳಸಿ.

6. ಒಂದು ಬೆಂಚಿನ ತಿದ್ದುಪಡಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ. ಗಟ್ಟಿ ಹೆಮಟೈಟಿನಲ್ಲಿ ಕಂಡುಕೊಂಡ ಅಂಕಿ ಲ್ಯಾಟರೈಟ್ ಬೆರೆತ ಅದಿರಿಗೆ ಹೊಂದುವುದಿಲ್ಲ. ಬೇರೆ ಗಣಿಯ ಅಂಕಿಯನ್ನು ಎರವಲು ತರುವುದಂತೂ ಕೂಡದು.

7. ಕ್ರಷರ್ ದಾಟಿದ ಮಾಲಿನ ಪುಡಿಯನ್ನು ಬ್ಲಾಸ್ಟಿನ ತಲೆಗೆ ಕಟ್ಟಬೇಡಿ. ಕ್ರಷರ್ ತಾನೂ ಪುಡಿ ಮಾಡುತ್ತದೆ. ಬ್ಲಾಸ್ಟಿನ ತಪ್ಪನ್ನು ಕ್ರಷರಿನ ಮೇಲೆ ಹಾಕುವುದೂ ಅಷ್ಟೇ ಅನ್ಯಾಯ. ಮುಂಚಿನ ಸ್ಯಾಂಪಲ್, ಆಮೇಲಿನ ಸ್ಯಾಂಪಲ್, ಎರಡೂ ಇದ್ದರೆ ಮಾತ್ರ ಮಾತು.

8. ಮೇಲಿನ ಬೆಂಚಿನ ಹೆಚ್ಚುವರಿ ಆಳದ ಕುಳಿಗಳು ಕೆಳಗಿನ ಬೆಂಚಿನ ತಲೆಯನ್ನು ಮೊದಲೇ ಜಜ್ಜಿರುತ್ತವೆ ಎಂಬುದನ್ನು ಮರೆತು ಈಗಿನ ಬ್ಲಾಸ್ಟಿನ ಮದ್ದನ್ನು ಇಳಿಸಬೇಡಿ.

9. ಕೃತಕ ಬುದ್ಧಿಮತ್ತೆಯ ಹೊಸ ತಂತ್ರಾಂಶ ಬಂದಿದೆ, ಇನ್ನು ಜರಡಿ ಬೇಡ ಎನ್ನಬೇಡಿ. ಕಲ್ಲಿನ ಸುತ್ತ ಗೆರೆ ಎಳೆಯುವ ಕೆಲಸವನ್ನು ಅದು ಹಳೆಯದಕ್ಕಿಂತ ಚೆನ್ನಾಗಿ ಮಾಡಬಲ್ಲದು. ಆದರೆ ರಾಶಿಯ ಒಳಗೆ ಅದಕ್ಕೂ ಕಾಣದು. ಲೇಸರ್ ಸ್ಕ್ಯಾನರಿಗೆ ಬೆಳಕಿನ ತೊಂದರೆ ಇಲ್ಲ, ಅಳತೆಯ ಚೆಂಡೂ ಬೇಡ. ಅದಕ್ಕೂ ಸಿಗುವುದು ಮೇಲ್ಮೈಯೇ. ಒಣ ಗ್ರಾನೈಟಿನ ಚಿತ್ರಗಳಿಂದ ಕಲಿತ ತಂತ್ರಾಂಶ ಕೆಂಪು ಅದಿರಿನ ಮುಂದೆ ಎಡವುತ್ತದೆ. ನಿಮ್ಮ ಗಣಿಯ ಫೋಟೊ, ನಿಮ್ಮ ಗಣಿಯ ಜರಡಿ ಲೆಕ್ಕದಿಂದ ಪರೀಕ್ಷೆಯಾಗದ ತಂತ್ರಾಂಶವನ್ನು ನೆಚ್ಚಬೇಡಿ.

10. ದಶಮಾಂಶಗಳನ್ನು ಕಂಡು ನಂಬಬೇಡಿ. ಶೇ. 6.43 ಎಂದು ಪರದೆಯ ಮೇಲೆ ಬಂದ ಮಾತ್ರಕ್ಕೆ ಅಷ್ಟು ನಿಖರವಾಗಿ ಯಾರೂ ಅಳೆದಿಲ್ಲ. ವರದಿಯಲ್ಲಿ ಇಷ್ಟರಿಂದ ಇಷ್ಟು ಎಂದು ವ್ಯಾಪ್ತಿ ಕೊಡಿ.

11. ಫೋಟೊದ ಅಂಕಿಯನ್ನು ಮಾರಾಟದ, ರಾಯಧನದ, ದಾಸ್ತಾನಿನ ಲೆಕ್ಕಕ್ಕೆ ಬಳಸಕೂಡದು. ಆ ಲೆಕ್ಕಗಳು ಸ್ಕ್ರೀನಿನಿಂದ, ತೂಕದಿಂದ, ಪ್ರಯೋಗಾಲಯದಿಂದಲೇ ಬರಬೇಕು.

12. ಫೋಟೊದ ಪುಡಿಯ ಅಂಕಿಯಿಂದ ಕೆಲಸಗಾರರ ಉಸಿರಿಗೆ ಸೇರುವ ಧೂಳನ್ನು ಅಂದಾಜು ಮಾಡಲೇಬೇಡಿ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಕೆಲವೇ ಮೈಕ್ರಾನ್ ಗಾತ್ರದವು. ಇಲ್ಲಿ ಮಾತಾಡುತ್ತಿರುವ 10 ಮಿ.ಮೀ. ಎಂದರೆ 10,000 ಮೈಕ್ರಾನ್. ಇಂಥ ಧೂಳಿನಿಂದ ಬರುವ ಸಿಲಿಕೋಸಿಸ್ ಕಾನೂನಿನಡಿ ಅಧಿಸೂಚಿತ ರೋಗ. ಅದಕ್ಕೆ ಧೂಳು ಮಾಪಕವೇ ಬೇಕು, ವೈದ್ಯಕೀಯ ತಪಾಸಣೆಯೇ ಬೇಕು.

13. ಪುಡಿ ಎಲ್ಲೆಡೆಯೂ ಕೆಟ್ಟದ್ದೆಂದು ತಿಳಿಯಬೇಡಿ. ಹಟ್ಟಿಯ ಚಿನ್ನದ ಅದಿರನ್ನು ಹೇಗೂ ನುಣ್ಣಗೆ ಅರೆಯಲೇಬೇಕು. ಬ್ಲಾಸ್ಟಿನಲ್ಲೇ ಸಣ್ಣದಾಗಿ ಒಡೆದರೆ ಗಿರಣಿಯ ಕೆಲಸ ಅಷ್ಟು ಹಗುರ. ಸಿಮೆಂಟಿನ ಸುಣ್ಣಕಲ್ಲಿಗೂ ಕೊನೆಗೆ ಅರೆಯುವುದೇ ಗತಿ. ಲಂಪ್ಸ್ ಬೇಕಾದ ಕಬ್ಬಿಣದ ಗಣಿಯಲ್ಲಿ, 20 ಮಿ.ಮೀ. ಜಲ್ಲಿ ಬೇಕಾದ ಕ್ವಾರಿಯಲ್ಲಿ ಮಾತ್ರ ಅದು ನಷ್ಟ. ನಿಮ್ಮ ಗುರಿ ಯಾವುದೆಂದು ಮೊದಲು ಬರೆದಿಟ್ಟು ಆಮೇಲೆ ಅಳೆಯಿರಿ.

14. ಒಂದೇ ಬ್ಲಾಸ್ಟಿನ ಅಂಕಿ ನೋಡಿ ವಿನ್ಯಾಸ ಬದಲಿಸಬೇಡಿ. ಒಂದೇ ಬಗೆಯ ಅದಿರಿನಲ್ಲಿ, ಒಂದೇ ವಿನ್ಯಾಸದಲ್ಲಿ ಹಲವು ಬ್ಲಾಸ್ಟುಗಳನ್ನು ಒಂದೇ ಕ್ರಮದಲ್ಲಿ ಅಳೆದು ಹೋಲಿಸಿ. ಫೋಟೊ ವಿಧಾನದ ನಿಜವಾದ ಬಲ ಇರುವುದು ಇಲ್ಲಿಯೇ: ಕ್ರಮ ಬದಲಾಗದಿದ್ದರೆ ಹೋದ ಸಲಕ್ಕಿಂತ ಈ ಸಲ ದಪ್ಪವಾಯಿತೋ ಸಣ್ಣದಾಯಿತೋ ಎಂಬುದನ್ನು ಅದು ಬೇಗನೆ, ಶಾವೆಲ್ಲನ್ನು ಹೆಚ್ಚು ಹೊತ್ತು ತಡೆಯದೆ ಹೇಳುತ್ತದೆ.

15. ಮೇಲಧಿಕಾರಿಗೆ ಬೇಕಾದ ಅಂಕಿ ಬರುವ ತನಕ ಸಂದಿಗಳ ಪಾಲನ್ನು ತಿರುಗಿಸುತ್ತ ಕೂರಬೇಡಿ. ಅಂಥ ಒತ್ತಡ ಬಂದರೆ ಮೂಲ ಫೋಟೊ, ತಿದ್ದಿದ ಗೆರೆ, ಆರಿಸಿದ ಪಾಲು ಮೂರನ್ನೂ ವರದಿಗೆ ಲಗತ್ತಿಸಿ ಕೊಡಿ. ಮ್ಯಾನೇಜರುಗಳೂ ಇಂಥ ಅಂಕಿಯನ್ನು ಸಿಬ್ಬಂದಿಯಿಂದ ಕೇಳಕೂಡದು.

ಸಹಿ ಹಾಕುವ ಮುನ್ನ

ವರದಿಯ ಕೊನೆಯ ಪುಟದಲ್ಲಿ ಈ ಐದಕ್ಕೆ ಉತ್ತರ ಇರಬೇಕು. ಫೋಟೊದಲ್ಲಿ ನಿಜಕ್ಕೂ ಕಂಡ ಅತಿ ಸಣ್ಣ ಗಾತ್ರ ಎಷ್ಟು? ಅದರ ಕೆಳಗಿನದ್ದು ಯಾವ ಸೂತ್ರದ್ದು? ಸಂದಿಗಳ ಪಾಲು ಎಷ್ಟು, ಅದನ್ನು ಗೊತ್ತುಪಡಿಸಿದ ಜರಡಿ ಪರೀಕ್ಷೆ ಯಾವ ದಿನಾಂಕದ್ದು, ಯಾವ ಬೆಂಚಿನದು? ಸ್ಯಾಂಪಲ್ ಎಷ್ಟು ಟನ್ನಿನದು? ಹುಟ್ಟು ಪುಡಿಯನ್ನೂ ಡ್ರಿಲ್ ಪುಡಿಯನ್ನೂ ಬೇರೆ ಮಾಡಲಾಗಿದೆಯೇ? ಒಂದಕ್ಕೆ ಉತ್ತರ ಇಲ್ಲದಿದ್ದರೂ ವರದಿಯನ್ನು ಹಿಂದಕ್ಕೆ ಕಳುಹಿಸಿ.

ಜರಡಿ ಹಿಡಿಯುವುದು ಬೆವರಿನ ಕೆಲಸ. ಒಂದು ಟಿಪ್ಪರ್ ಮಾಲನ್ನು ಬೇರ್ಪಡಿಸಿ, ಒಣಗಿಸಿ, ತೂಗಲು ಆಳು ಬೇಕು, ದಿನ ಬೇಕು, ಉತ್ಪಾದನೆಯ ಒತ್ತಡದ ನಡುವೆ ಅದಕ್ಕೆ ಜಾಗ ಮಾಡಿಕೊಡಬೇಕು. ಆ ಖರ್ಚನ್ನು ಬ್ಲಾಸ್ಟಿಂಗ್ ಖರ್ಚಿನಲ್ಲೇ ಸೇರಿಸಿ, ಆ ಕೆಲಸ ಮಾಡುವವರಿಗೆ ಮಾಸ್ಕ್, ನೆರಳು, ನೀರು ಒದಗಿಸಿ. ಅವರು ತೂಗಿ ಬರೆದ ಅಂಕಿ ಸಿಗುವ ತನಕ, ಪರದೆಯ ಮೇಲಿನ ಪುಡಿಯ ಶೇಕಡಾವಾರನ್ನು ಅಂದಾಜು ಎಂದೇ ಬರೆಯಿರಿ, ಅಂದಾಜು ಎಂದೇ ಓದಿ, ಅದರ ಮೇಲೆ ಒಂದು ಕುಳಿಯ ಮದ್ದನ್ನೂ ಬದಲಿಸಬೇಡಿ.